ಎರಡೂಕಾಲು ಗಂಟೆ ಏಳೂಮುಕ್ಕಾಲು ಆಗುವುದೇಕೆ?

ಪ್ರಶ್ನೆ: ಅಡಿಕೆ ತೋಟದ ಪಂಪು ಎಷ್ಟು ಹೊತ್ತು ಓಡಿತೆಂದು ತೋರಿಸಲು ಜಾವಾಸ್ಕ್ರಿಪ್ಟ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. 2 ಗಂಟೆ 15 ನಿಮಿಷ ಓಡಿದರೆ ನನ್ನ ಲ್ಯಾಪ್‌ಟಾಪಿನಲ್ಲಿ 7:45 ಎಂದೂ ಬಾಡಿಗೆ ಸರ್ವರಿನಲ್ಲಿ 2:15 ಎಂದೂ ಬರುತ್ತದೆ. ಒಂದು ವಿಡಿಯೊದಲ್ಲಿ ಹೇಳಿದಂತೆ 19,800 ಸೆಕೆಂಡು ಕಳೆದರೆ ಸಾಕೇ? (ಬದಿಯಡ್ಕದ ಓದುಗರು)

ಉತ್ತರ: ಸಾಲದು. ಇದೇ ಪ್ರಶ್ನೆ ಕುಂಬಳೆಯಿಂದ, ಉಪ್ಪಳದಿಂದ, ಪೆರ್ಲದಿಂದ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ವಿವರವಾಗಿಯೇ ಬರೆಯುತ್ತಿದ್ದೇನೆ. ನೀವು ಅವಧಿಯನ್ನು, ದಿನಾಂಕ ಮತ್ತು ಗಡಿಯಾರದ ಹೊತ್ತನ್ನು ನೋಡಿಕೊಳ್ಳುವ ‘ಡೇಟ್’ ಎಂಬ ವಸ್ತುವಿಗೆ ಒಪ್ಪಿಸಿದ್ದೀರಿ. ಅದು ನಿಮ್ಮ 8,100 ಸೆಕೆಂಡುಗಳನ್ನು 1970ರ ಜನವರಿ 1ರಂದು ಗ್ರೀನಿಚ್ ಕಡೆಯ ಮಧ್ಯರಾತ್ರಿಯಿಂದ ಎಣಿಸಿದ ಒಂದು ಗಳಿಗೆಯೆಂದು ತಿಳಿದು, ಆ ಹೊತ್ತಿಗೆ ನಮ್ಮ ಗಡಿಯಾರ ಎಷ್ಟು ತೋರಿಸಬೇಕೋ ಅದನ್ನು ಹೇಳುತ್ತದೆ. ಭಾರತದ ಸಮಯ ಗ್ರೀನಿಚ್ ಸಮಯಕ್ಕಿಂತ ಐದೂವರೆ ಗಂಟೆ, ಅಂದರೆ ವಿಡಿಯೊದವರ ಆ 19,800 ಸೆಕೆಂಡು, ಮುಂದಿರುವುದರಿಂದ 7:45 ಬಂತು. ಸರ್ವರಿನ ಗಡಿಯಾರ ಗ್ರೀನಿಚ್‌ಗೆ ಹೊಂದುವ ಜಾಗತಿಕ ಸಮಯದಲ್ಲೇ ಇರುವುದರಿಂದ ಅಲ್ಲಿ ಸರಿಯಾದಂತೆ ಕಂಡಿತು. ವಿಡಿಯೊದವರ ಮದ್ದನ್ನು ಹಾಕಿದರೆ ಲ್ಯಾಪ್‌ಟಾಪು ಸರಿಯಾಗಿ, ಸರ್ವರಿನಲ್ಲಿ 20:45 ಬರುತ್ತದೆ. ರೋಗವನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟಿಸುವ ಇಂಥ ಚಿಕಿತ್ಸೆಯನ್ನು ಕಲಿಸುವವರು ಕಲಿಯುವವರಿಗೆ ಅನ್ಯಾಯ ಮಾಡುತ್ತಿದ್ದಾರೆ.

‘ಎರಡೂವರೆ ಗಂಟೆಗೆ ಬಂದೆ’ ಎನ್ನುವುದಕ್ಕೂ ‘ಎರಡೂವರೆ ಗಂಟೆ ಕಾದೆ’ ಎನ್ನುವುದಕ್ಕೂ ಇರುವ ಅಂತರವನ್ನು ಕನ್ನಡದಲ್ಲಿ ಒಂದು ವಿಭಕ್ತಿ ಪ್ರತ್ಯಯ ಕಾಯುತ್ತದೆ. ಪ್ರೋಗ್ರಾಮಿನಲ್ಲಿ ಅದನ್ನು ಬರೆಯುವವರೇ ಕಾಯಬೇಕು. ಗಡಿಯಾರ 24 ಗಂಟೆಗೆ ಮತ್ತೆ ಸೊನ್ನೆಗೆ ಬರುತ್ತದೆ, ಅವಧಿ ಬರುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಂಸ್ಥೆಯ ಹಾಜರಿ ಪಟ್ಟಿಯಲ್ಲಿ, ವಾರಕ್ಕೆ 50 ಗಂಟೆ ದುಡಿದವರ ಹೆಸರಿನ ಮುಂದೆ 2:00 ಎಂದು ಅಚ್ಚಾಗಿ ಕೂಲಿ ಕಡಿತವಾದುದನ್ನು ಕಂಡಿದ್ದೇನೆ. ಅಂದಿನಿಂದ ಅವಧಿಯನ್ನು ದಿನಾಂಕದ ಸೌಲಭ್ಯಗಳ ಹತ್ತಿರ ನಾನು ಬಿಡುವುದೇ ಇಲ್ಲ. ಎಕ್ಸೆಲ್‌ನಲ್ಲಿಯೂ ಗಂಟೆಯ ಸಂಕೇತಾಕ್ಷರವನ್ನು ಚೌಕ ಆವರಣದೊಳಗೆ ಇಡದಿದ್ದರೆ ಮೊತ್ತಕ್ಕೆ ಇದೇ ಗತಿ. ಪೈಥಾನ್‌ನ ‘ಟೈಮ್‌ಡೆಲ್ಟಾ’ ಎಂಬ ಅವಧಿಯ ವಸ್ತುವಿನಲ್ಲಿ ‘ಸೆಕೆಂಡ್ಸ್’ ಎಂದು ಕೇಳಿದರೆ ಪೂರ್ಣ ದಿನಗಳನ್ನು ಬಿಟ್ಟು ಉಳಿದದ್ದು ಮಾತ್ರ ಸಿಗುತ್ತದೆ, 26 ಗಂಟೆಗೆ 7,200. ಕೇಳಬೇಕಾದದ್ದು ‘ಟೋಟಲ್ ಸೆಕೆಂಡ್ಸ್’.

ಮಾಡಬೇಕಾದದ್ದು ಶಾಲೆಯ ಭಾಗಾಕಾರ. ಅವಧಿಯನ್ನು ಸೆಕೆಂಡುಗಳಲ್ಲೇ ಸಂಗ್ರಹಿಸಿ, ಕೂಡಿಸುವುದಿದ್ದರೆ ಸೆಕೆಂಡುಗಳನ್ನೇ ಕೂಡಿಸಿ, ಕೊನೆಗೊಮ್ಮೆ ಪೂರ್ಣ ನಿಮಿಷಕ್ಕೆ ಸರಿಹೊಂದಿಸಿ, ಆಮೇಲೆ 60ರಿಂದ ಭಾಗಿಸಬೇಕು. ಭಾಗಲಬ್ಧ ಗಂಟೆ, ಶೇಷ ನಿಮಿಷ. ಈ ಕ್ರಮ ತಪ್ಪಬಾರದು. 7,190 ಸೆಕೆಂಡಿನಿಂದ ಮೊದಲೇ ಗಂಟೆಯನ್ನು ಬೇರ್ಪಡಿಸಿ ಉಳಿದದ್ದನ್ನು ನಿಮಿಷಕ್ಕೆ ಸರಿಹೊಂದಿಸಿದರೆ 1:60 ಎಂಬ ಅಸಂಬದ್ಧ ಬರುತ್ತದೆ; ಮೊದಲು 120 ನಿಮಿಷ ಮಾಡಿಕೊಂಡರೆ 2:00 ಬರುತ್ತದೆ. ಋಣ ಅವಧಿ ಬರುವ ಸಾಧ್ಯತೆಯಿದ್ದರೆ ಚಿಹ್ನೆಯನ್ನು ಬೇರೆ ತೆಗೆದಿಟ್ಟುಕೊಳ್ಳಿ, ಏಕೆಂದರೆ ಋಣ 90 ನಿಮಿಷವನ್ನು 60ರಿಂದ ಭಾಗಿಸಿದಾಗ ಜಾವಾ ಋಣ 1 ಮತ್ತು ಶೇಷ ಋಣ 30 ಕೊಟ್ಟರೆ, ಪೈಥಾನ್ ಋಣ 2 ಮತ್ತು ಶೇಷ 30 ಕೊಡುತ್ತದೆ. ಪರದೆಯಲ್ಲಿ ‘2:15’ ಎಂದು ಬರೆಯದೆ ‘2 ಗಂಟೆ 15 ನಿಮಿಷ’ ಎಂದೇ ಬರೆಯಿರಿ. ತೋಟದಲ್ಲಿ ಅದನ್ನು ಓದುವವರು ಮಧ್ಯಾಹ್ನದ ಎರಡೂಕಾಲು ಎಂದು ತಿಳಿಯಬಾರದು.

ಪ್ರಶ್ನೆ: 1.75 ಗಂಟೆ ಎಂದರೆ 1 ಗಂಟೆ 75 ನಿಮಿಷವೇ? (ಮಂಜೇಶ್ವರ)

ಉತ್ತರ: ಅಲ್ಲ, 105 ನಿಮಿಷ, ಅಂದರೆ 1 ಗಂಟೆ 45 ನಿಮಿಷ.

ಪ್ರಶ್ನೆ: ಒಂದಕ್ಕಿಂತ ಹೆಚ್ಚಾದಾಗ ‘ಗಂಟೆಗಳು’, ‘ನಿಮಿಷಗಳು’ ಎಂದು ತೋರಿಸಬೇಕೇ? (ಮುಳ್ಳೇರಿಯ)

ಉತ್ತರ: ಬೇಡ. ‘ಮೂರು ಗಂಟೆ ಕೆಲಸ’ ಎಂದೇ ನಾವು ಹೇಳುವುದು. ಇಂಗ್ಲಿಷಿನ ಬಹುವಚನಕ್ಕಾಗಿ ಕನ್ನಡದ ಪರದೆಯನ್ನು ಕೆಡಿಸಬೇಡಿ.

ಪ್ರಶ್ನೆ: ಪಂಚಾಂಗದ 12 ಗಳಿಗೆಯನ್ನು ಗಂಟೆಗೆ ಬದಲಿಸುವುದು ಹೇಗೆ? (ಕುಂಬಳೆ)

ಉತ್ತರ: ಗಳಿಗೆಗೆ 24 ನಿಮಿಷದಂತೆ 288 ನಿಮಿಷ, ಅಂದರೆ 4 ಗಂಟೆ 48 ನಿಮಿಷ. ಅದು ಸೂರ್ಯೋದಯದಿಂದ ಎಣಿಸಿದ ಅವಧಿಯಾದ್ದರಿಂದ, ನಿಮ್ಮೂರಿನ ಆ ದಿನದ ಸೂರ್ಯೋದಯಕ್ಕೆ ಕೂಡಿಸಿದ ಮೇಲಷ್ಟೇ ಗಡಿಯಾರದ ಹೊತ್ತು ಸಿಗುತ್ತದೆ.