ಮುಖದ ಬಂಗಿಗೆ ನೇರ ಲೇಸರ್ ಮಾಡಿಸಬಹುದಾ?

ಅಮ್ಮನಿಗೆ 48, ಕೆನ್ನೆ ಮೇಲೆ ಬಂಗು, ಸುಕ್ಕೂ ಶುರುವಾಗಿದೆ, ಲೇಸರ್ ಮಾಡಿಸಬಹುದಾ ಅಂತ ಕೇಳಿದ್ದೀರಿ. ಅವಸರ ಬೇಡ. ನಮ್ಮ ಗೋಧಿ ಬಣ್ಣದ ಚರ್ಮಕ್ಕೆ ಲೇಸರ್ ಜಾಸ್ತಿಯಾದರೆ ಕಲೆ ಇನ್ನೂ ಕಪ್ಪಾಗಬಹುದು. ಮೊದಲು ಸನ್‌ಸ್ಕ್ರೀನ್: ಎಸ್‌ಪಿಎಫ್ 30ಕ್ಕೆ ಕಡಿಮೆ ಇಲ್ಲದ್ದು, ಐರನ್ ಆಕ್ಸೈಡ್ ಇರುವ ಟಿಂಟೆಡ್ (ಚರ್ಮದ ಬಣ್ಣ ಬೆರೆಸಿದ್ದು) ಆದರೆ ಬಂಗಿಗೆ ಇನ್ನೂ ಒಳ್ಳೆಯದು. ಎರಡು ಬೆರಳುದ್ದ ಹಿಂಡಿ ಹಚ್ಚಬೇಕು. ದಾವಣಗೆರೆ ಬಿಸಿಲಿಗೆ ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನಕ್ಕೆ ಉಳಿಯುವುದಿಲ್ಲ, ಅಲ್ವಾ? ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಲಿ.

ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತರುವ ಸ್ಟೀರಾಯ್ಡ್ ಕ್ರೀಮು ಮಾತ್ರ ಬೇಡವೇ ಬೇಡ. ಮೊದಮೊದಲು ಮುಖ ಬೆಳ್ಳಗಾಗುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಕೂದಲೂ ಬರಬಹುದು.

ಬೊಟಾಕ್ಸ್ ಇಂಜೆಕ್ಷನ್ ಇರುವುದು ಸುಕ್ಕಿಗೆ, ಬಂಗಿಗಲ್ಲ; ಅದರ ಪರಿಣಾಮವೂ 3–4 ತಿಂಗಳಷ್ಟೇ. ಬಂಗಿಗೆ ಪೀಲೋ (ಕೆಮಿಕಲ್ ಹಚ್ಚಿ ಚರ್ಮದ ಮೇಲ್ಪದರ ತೆಗೆಯುವುದು) ಲೇಸರೋ ಅನ್ನುವುದನ್ನು ಬಾಪೂಜಿ ಆಸ್ಪತ್ರೆಯಂಥ ಕಡೆ ಚರ್ಮದ ಡಾಕ್ಟರಿಗೆ ತೋರಿಸಿಯೇ ತೀರ್ಮಾನಿಸಿ.