ಅಲ್ಯೂಮಿನಿಯಂ ಕ್ರೂಸರ್ ಬೇಕಾ? ಹಳೇ ಎಂಟಿಬಿ ಹುಡುಕಿ

ಮೈಸೂರಿನಲ್ಲಿ ಹಗುರವಾದ ಅಲ್ಯೂಮಿನಿಯಂ ಕ್ರೂಸರ್ ಸೈಕಲ್ (ನೆಟ್ಟಗೆ ಕೂತು ತುಳಿಯುವಂಥದ್ದು) ಎಲ್ಲಿ ಸಿಗುತ್ತದೆ, ಸಿಗದಿದ್ದರೆ ಕಟ್ಟಿಸಬಹುದಾ ಅಂತ ಕೇಳಿದ್ದೀರಿ. ವಯಸ್ಸು 54, ಬಗ್ಗಿ ತುಳಿದರೆ ಸೊಂಟ ಹಿಡಿಯುತ್ತದೆ, ಮನೆ ಮೊದಲನೇ ಮಹಡಿಯಲ್ಲಿ, ದಿನಾ ಸೈಕಲ್ ಹೊತ್ತು ಹತ್ತಬೇಕು ಅಂತಲೂ ಬರೆದಿದ್ದೀರಿ. ಇದೇ ಹುಚ್ಚು ನನಗೂ ಹಿಡಿದಿತ್ತು. ಒಂದು ಫ್ರೇಮ್ ಹಾಳು ಮಾಡಿಕೊಂಡ ಮೇಲೆ ಎರಡನೆಯದು ಸರಿಯಾಗಿ ಬಂತು.

ಮೊದಲು ರೆಡಿಮೇಡ್ ವಿಷಯ. ನಾನು ಸುಮಾರು ಎರಡು ತಿಂಗಳು ಭಾನುವಾರ ಬಿಡದೆ ಊರಿನ ಸೈಕಲ್ ಅಂಗಡಿ ಸುತ್ತಿದೆ. ಕ್ರೂಸರ್ ಅಂತ ತೋರಿಸಿದ್ದರಲ್ಲೆಲ್ಲ ಹಿಂದಕ್ಕೆ ಬಾಗಿದ ಹ್ಯಾಂಡಲ್ ಇತ್ತು, ಅಗಲ ಸೀಟು ಇತ್ತು, ಮುಂದೆ ಬುಟ್ಟಿಯೂ ಇತ್ತು. ಫ್ರೇಮ್ ಮಾತ್ರ ಕಬ್ಬಿಣ. ಕೇಳಿದರೆ "ಅಲಾಯ್ ಸಾರ್" ಅನ್ನುತ್ತಾರೆ. ಅವರು ಹೇಳುವುದು ಸುಳ್ಳೂ ಅಲ್ಲ. ಚಕ್ರದ ರಿಮ್ ಅಲಾಯ್, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹ ಇರುತ್ತದೆ, ಅಷ್ಟೇ. ಹಾಗಾಗಿ ಫ್ರಿಜ್ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಫ್ರೇಮಿಗೆ ಅಂಟಿದರೆ ಅಲ್ಲಿಗೆ ಮಾತು ಮುಗಿಯಿತು. ಹೊರದೇಶದಲ್ಲಿ ಎಲೆಕ್ಟ್ರಾದಂಥ ಕಂಪನಿ ಅಲ್ಯೂಮಿನಿಯಂ ಕ್ರೂಸರ್ ಮಾಡುತ್ತದೆ. 1993ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು, 2014ರಲ್ಲಿ ಟ್ರೆಕ್ ಅನ್ನುವ ಸೈಕಲ್ ಕಂಪನಿ ಕೊಂಡುಕೊಂಡಿತು. ಚೆನ್ನಾಗಿವೆ. ಆದರೆ ಅದನ್ನು ತರಿಸುವ ಖರ್ಚಿಗೆ ಇಲ್ಲಿ ಒಂದು ಹಳೇ ಸ್ಕೂಟರ್ ಬರುತ್ತದೆ.

ನನ್ನ ಸಲಹೆ ಇಷ್ಟೇ: ಕ್ರೂಸರ್ ಹುಡುಕಬೇಡಿ. 26 ಇಂಚಿನ ಹಳೇ ಅಲ್ಯೂಮಿನಿಯಂ ಎಂಟಿಬಿ (ಮೌಂಟನ್ ಬೈಕ್) ಹುಡುಕಿ, ಅದನ್ನೇ ಕ್ರೂಸರ್ ಮಾಡಿ.

ಇದು ಜುಗಾಡ್ ಅನ್ನಿಸಬಹುದು. ಆದರೆ ಎರಡೂ ಒಂದೇ ಮನೆತನದವು. ಅಮೆರಿಕದ ಶ್ವಿನ್ ಕಂಪನಿ 1933ರಲ್ಲಿ 26 × 2.125 ಇಂಚಿನ ದಪ್ಪ ಬಲೂನ್ ಟೈರಿನ ಸೈಕಲ್ ತಂದಿತು. ಕ್ರೂಸರ್ ವಂಶ ಅಲ್ಲಿಂದ ಬೆಳೆಯಿತು. ಒಂದೊಂದೂ 20 ಕೆಜಿಗೆ ಮೇಲೆ, ಉಕ್ಕಿನ ಆನೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮೌಂಟ್ ಟ್ಯಾಮಲ್ಪಾಯಿಸ್ ಬೆಟ್ಟದಲ್ಲಿ ಒಂದಷ್ಟು ಹುಡುಗರು ಇಂಥ ಗುಜರಿ ಸೈಕಲ್‌ಗಳನ್ನೇ ಮಣ್ಣುದಾರಿಯಲ್ಲಿ ಇಳಿಸಿ ಆಡಿದರು. ಮೌಂಟನ್ ಬೈಕ್ ಹುಟ್ಟಿದ್ದು ಆ ಆಟದಿಂದ. ಅದಕ್ಕೇ 26 ಇಂಚಿನ ಎಂಟಿಬಿಯ ರಿಮ್ಮೂ ಕ್ರೂಸರಿನ ರಿಮ್ಮೂ ಒಂದೇ ಅಳತೆ, 559 ಮಿಲಿಮೀಟರ್. ಮೊಮ್ಮಗನ ಅಂಗಿ ಅಜ್ಜನಿಗೆ ಸರಿಹೋದ ಹಾಗೆ. ಈಗ ಎಂಟಿಬಿಗಳು ಹೆಚ್ಚಾಗಿ 27.5 ಮತ್ತು 29 ಇಂಚಿಗೆ ಹೋಗಿಬಿಟ್ಟಿವೆ. ಹಾಗಾಗಿ 26ರ ಒಳ್ಳೊಳ್ಳೆ ಸೈಕಲ್‌ಗಳು ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಧೂಳು ತಿನ್ನುತ್ತಾ ನಿಂತಿವೆ. ನನ್ನದು ಕುವೆಂಪುನಗರದ ಒಂದು ಮನೆಯಲ್ಲಿ 4,500 ರೂಪಾಯಿಗೆ ಸಿಕ್ಕಿತು. ಮಗ ಬೆಂಗಳೂರಿಗೆ ಹೋಗಿ ಬೈಕ್ ಕೊಂಡಿದ್ದ, ತಂದೆಗೆ ಜಾಗ ಖಾಲಿಯಾದರೆ ಸಾಕಿತ್ತು.

ಒಂದು ಎಚ್ಚರಿಕೆ. ನಮ್ಮ ಅಂಗಡಿಗಳಲ್ಲಿ "26 ಟೈರ್ ಕೊಡಿ" ಅಂದರೆ 26 × 1⅜ ಕೊಡುವ ಸಾಧ್ಯತೆ ಇದೆ. ಅದರ ರಿಮ್ 590 ಮಿಲಿಮೀಟರ್, ಇದಕ್ಕೆ ಕೂರುವುದೇ ಇಲ್ಲ. ಟೈರಿನ ಪಕ್ಕದಲ್ಲಿ 54-559, 57-559 ಅಂತ ಅಚ್ಚಾಗಿರುತ್ತದೆ. ಕೊನೆಯ ಮೂರು ಅಂಕಿ 559 ಇರಬೇಕು.

ಈಗ ತೂಕದ ಲೆಕ್ಕ. ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಭಾಗದಷ್ಟೇ ಭಾರ ಅನ್ನುವುದು ನಿಜ. ಆದರೆ ಬಾಗದೆ ನಿಲ್ಲುವ ಬಿಗಿಯೂ ಮೂರನೇ ಒಂದು ಭಾಗವೇ. ಅದಕ್ಕೇ ಪೈಪುಗಳನ್ನು ದಪ್ಪ ಮಾಡುತ್ತಾರೆ. ಕೊನೆಗೆ ಫ್ರೇಮಿನಲ್ಲಿ ಉಳಿಯುವುದು ಒಂದೂವರೆ, ಹೆಚ್ಚೆಂದರೆ ಎರಡು ಕೆಜಿ. ಉಳಿದ ತೂಕವೆಲ್ಲ ಬೇರೆ ಕಡೆ ಅಡಗಿ ಕೂತಿರುತ್ತದೆ. ಅಗ್ಗದ ಸಸ್ಪೆನ್ಷನ್ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಸ್ಪ್ರಿಂಗ್ ಕವಲು) ಒಂದೇ ಎರಡೂವರೆ ಕೆಜಿ ತೂಗುತ್ತದೆ. ಸಾದಾ ಉಕ್ಕಿನ ಫೋರ್ಕ್ ಹಾಕಿದರೆ ಅಲ್ಲೇ ಒಂದು ಕೆಜಿಗೂ ಜಾಸ್ತಿ ಇಳಿಯಿತು. ಸ್ಪ್ರಿಂಗ್ ಇರುವ ದೊಡ್ಡ ಸೀಟು ಒಂದೂವರೆ ಕೆಜಿ ಇರುತ್ತದೆ. ಉಬ್ಬು ಉಬ್ಬು ಇರುವ ತಂತಿ ಅಂಚಿನ ಟೈರ್ ಒಂದೊಂದು ಕೆಜಿ ಹತ್ತಿರ. ಫ್ರೇಮ್ ಮಾತ್ರ ಅಲ್ಯೂಮಿನಿಯಂ ತಂದು ಮಿಕ್ಕದ್ದೆಲ್ಲ ಕಬ್ಬಿಣ ಹಾಕುವುದು, ಡಯಟ್ ಅಂತ ಅನ್ನ ಬಿಟ್ಟು ಮೈಸೂರು ಪಾಕ್ ತಿಂದ ಹಾಗೆ.

ಸರಿ, ಹಾಳಾದ ಮೊದಲ ಫ್ರೇಮಿನ ಕಥೆಗೆ ಬರುತ್ತೇನೆ. ನನಗೆ ಹಿಂದಕ್ಕೆ ತುಳಿದರೆ ಬ್ರೇಕ್ ಬೀಳುವ ಕೋಸ್ಟರ್ ಹಬ್ (ಚಕ್ರದ ನಡುಭಾಗ) ಬೇಕೇ ಬೇಕು ಅನ್ನುವ ಆಸೆ. ಕೇಬಲ್ ಇಲ್ಲ, ಲಿವರ್ ಇಲ್ಲ, ನೋಡಲು ಎಷ್ಟು ಸ್ವಚ್ಛ! ಆನ್‌ಲೈನಿನಲ್ಲಿ ತರಿಸಿದೆ. ಆ ಹಬ್‌ನ ಅಗಲ 110 ಮಿಲಿಮೀಟರ್. ಎಂಟಿಬಿ ಫ್ರೇಮಿನ ಹಿಂಬದಿ 135. ರಿಪೇರಿಯವರು "ಅಷ್ಟೇ ತಾನೇ" ಅಂದು ಹಿಂದಿನ ಎರಡು ಕಾಲುಗಳನ್ನು ಮೊಣಕಾಲಿನ ಮಧ್ಯ ಇಟ್ಟು ಅದುಮಿದರು. ಉಕ್ಕಿನ ಸೈಕಲ್ಲಿಗೆ ನಲವತ್ತು ವರ್ಷದಿಂದ ಅವರು ಹಾಗೇ ಮಾಡಿಕೊಂಡು ಬಂದಿದ್ದಾರೆ. ಅವರನ್ನು ಬೈದು ಫಲವಿಲ್ಲ, ಪಕ್ಕದಲ್ಲೇ ನಿಂತು ತಲೆಯಾಡಿಸಿದವನು ನಾನೇ. ಒಂದು ತಿಂಗಳಿಗೆ ಹಿಂದಿನ ಆಕ್ಸಲ್ ಕೂರುವ ಜಾಗದ ಪಕ್ಕ ಕೂದಲೆಳೆಯಂಥ ಬಿರುಕು. ಇನ್ನೊಂದು ಕಡೆ ಕೊಟ್ಟು ಆರ್ಗಾನ್ ವೆಲ್ಡಿಂಗ್ ಮಾಡಿಸಿದೆ. ಮೂರು ವಾರಕ್ಕೆ ಮತ್ತೆ ಒಡೆಯಿತು. ವೆಲ್ಡಿಂಗ್ ಮೇಲಲ್ಲ, ಅದರ ಪಕ್ಕದಲ್ಲಿ.

ಯಾಕೆ ಅಂತ ಆಮೇಲೆ ಅರ್ಥವಾಯಿತು. ಸೈಕಲ್ ಫ್ರೇಮಿಗೆ ಹೆಚ್ಚಾಗಿ ಬಳಸುವುದು 6061 ಅನ್ನುವ ಮಿಶ್ರಲೋಹ. ಬೆಸುಗೆ ಹಾಕಿದ ಮೇಲೆ ಇಡೀ ಫ್ರೇಮನ್ನು ಸುಮಾರು 530 ಡಿಗ್ರಿಗೆ ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ 170 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಟ್ಟು ಹದ ಮಾಡುತ್ತಾರೆ. ಸ್ಟಿಕರ್ ಮೇಲೆ "ಟಿ6" ಅಂತ ಇರುವುದು ಆ ಹದದ ಹೆಸರು. ನಾವು ಬೀದಿಯಲ್ಲಿ ವೆಲ್ಡ್ ಮಾಡಿಸಿದಾಗ ಸುತ್ತಲಿನ ಲೋಹದ ಹದ ಕೆಟ್ಟು ಅದು ಮೆತ್ತಗಾಗುತ್ತದೆ. ವೆಲ್ಡರ್ ಎಷ್ಟೇ ಕುಶಲಿಯಾಗಿರಲಿ, ಒಲೆ ಇಲ್ಲದೆ ಹದ ವಾಪಸ್ ಬರುವುದಿಲ್ಲ. ಜೊತೆಗೆ ಉಕ್ಕಿಗೆ ಇರುವ ಸಹನೆ ಅಲ್ಯೂಮಿನಿಯಂಗೆ ಇಲ್ಲ. ಸಣ್ಣ ಸಣ್ಣ ಹೊಡೆತವನ್ನೂ ಲೆಕ್ಕ ಬರೆದಿಟ್ಟುಕೊಂಡು ಒಂದು ದಿನ ತೀರಿಸಿಬಿಡುತ್ತದೆ. ಆದ್ದರಿಂದ ಅಲ್ಯೂಮಿನಿಯಂ ಫ್ರೇಮನ್ನು ಬಗ್ಗಿಸಬೇಡಿ, ವೆಲ್ಡ್ ಮಾಡಿಸಬೇಡಿ. "ಪೈಪ್ ತಂದುಕೊಡಿ, ನಾವೇ ಫ್ರೇಮ್ ಮಾಡಿಕೊಡ್ತೀವಿ" ಅನ್ನುವವರು ಸಿಗುತ್ತಾರೆ. ಗೇಟಿಗೆ, ಏಣಿಗೆ ಸರಿ. ನೀವು ಕೂರುವ ಸೈಕಲ್ಲಿಗೆ ಬೇಡ. ನನ್ನ ಫ್ರೇಮ್ ಕೊನೆಗೆ ಗುಜರಿಗೆ ಕೆಜಿ ಲೆಕ್ಕದಲ್ಲಿ ಹೋಯಿತು.

ಎರಡನೇ ಸಲ ಕೋಸ್ಟರ್ ಆಸೆ ಬಿಟ್ಟೆ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಎಂಟಿಬಿಯಲ್ಲಿ ಹಿಂದಿನ ಚಕ್ರದ ಆಕ್ಸಲ್ ಕೂರುವ ಸೀಳು ನೇರ ಕೆಳಮುಖವಾಗಿರುತ್ತದೆ. ಚಕ್ರ ಹಿಂದೆ ಎಳೆದು ಚೈನ್ ಬಿಗಿ ಮಾಡಲು ಆಗುವುದಿಲ್ಲ. ಚೈನ್ ಬಿಗಿಯುವ ಸಾಧನ ಹಾಕೋಣ ಅಂದರೆ ಕೋಸ್ಟರ್ ಬ್ರೇಕ್ ಚೈನಿನ ಕೆಳಭಾಗವನ್ನೇ ಎಳೆಯುತ್ತದೆ, ಆ ಸಾಧನ ಕಿತ್ತುಕೊಂಡು ಬರುತ್ತದೆ. ಹಿಂದಿನ ಡಿರೇಲರ್ (ಚೈನ್ ಸರಿಸಿ ಗೇರ್ ಬದಲಿಸುವ ಸಾಧನ) ಇರಲಿ ಬಿಡಿ, ಚೈನನ್ನು ಅದೇ ಬಿಗಿ ಹಿಡಿಯುತ್ತದೆ, ಗೇರೂ ಉಳಿಯುತ್ತದೆ. ನಾನು ಮುಂದಿನ ಮೂರು ಹಲ್ಲುಚಕ್ರದಲ್ಲಿ ಎರಡು ತೆಗೆದು ಒಂದೇ ಇಟ್ಟೆ. ಬ್ರೇಕಿಗೆ ರಿಮ್ ಹಿಡಿಯುವ ಹಳೇ ವಿ-ಬ್ರೇಕ್.

ಫೋರ್ಕ್ ಬದಲಿಸುವಾಗ ಆಕ್ಸಲ್‌ನಿಂದ ಫೋರ್ಕಿನ ನೆತ್ತಿವರೆಗಿನ ಉದ್ದ ಅಳೆಯಿರಿ. ಅದು ಹಳೆಯದರ ಹತ್ತಿರ ಇರಬೇಕು. ಗಿಡ್ಡ ಫೋರ್ಕ್ ಹಾಕಿದರೆ ಮೂತಿ ಕೆಳಗಾಗಿ ಹ್ಯಾಂಡಲ್ ಚಂಚಲವಾಗುತ್ತದೆ. ಕ್ರೂಸರಿಗೆ ಬೇಕಾದದ್ದು ಅದರ ಉಲ್ಟಾ. ಹಿಂದಕ್ಕೆ ಬಾಗಿದ ಅಲಾಯ್ ಹ್ಯಾಂಡಲ್ ಹಾಕಿದ ಮೇಲೆ ಹಳೇ ಬ್ರೇಕ್ ಕೇಬಲ್ ಉದ್ದ ಸಾಲಲಿಲ್ಲ, ಅದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಟೈರ್ 26 × 2.0, ನುಣುಪು ಮೈಯದು. ಕಡ್ಡಿ ಬಿಗಿಸಿ ಬೆಂಡು ತೆಗೆಸಿದ್ದು, ಓವರಾಯಿಲ್, ಎಲ್ಲ ಸೇರಿ ಹದಿಮೂರು ಸಾವಿರ ಹತ್ತಿರ ಆಯಿತು. ತಂದಾಗ 15.4 ಕೆಜಿ ಇದ್ದದ್ದು ಮಡ್‌ಗಾರ್ಡ್, ಸ್ಟ್ಯಾಂಡ್ ಎರಡೂ ಹಾಕಿದ ಮೇಲೂ 13.2 ಬಂತು. ತೂಗಿದ್ದು ಹಳೇ ಪೇಪರ್ ಅಂಗಡಿಯ ನೇತುಹಾಕುವ ತಕ್ಕಡಿಯಲ್ಲಿ. ಅವರು ಕೊಳ್ಳುವುದಕ್ಕೆ ರೇಟ್ ಹೇಳಿಬಿಟ್ಟಿದ್ದರು!

ಹಳೇ ಸೈಕಲ್ ನೋಡುವಾಗ ಹ್ಯಾಂಡಲ್ ಕೆಳಗಿನ ಪೈಪ್ ಸೇರುವ ಜಾಗ, ಪೆಡಲ್ ಬಳಿ, ಹಿಂದಿನ ಆಕ್ಸಲ್ ಬಳಿ ಬಟ್ಟೆಯಲ್ಲಿ ಒರೆಸಿ ಬೆಳಕಿನಲ್ಲಿ ನೋಡಿ. ಬಿರುಕು ಇದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಸ್ಟಿಕರ್ ಅಂಟಿಸಿ ಮುಚ್ಚಿದ್ದರೆ ಕಿತ್ತು ನೋಡಿ. ಸೀಟ್ ಪೈಪ್ ಮೇಲೆ ಕೆಳಗೆ ಆಡುತ್ತದಾ ಅಂತ ಅಲ್ಲೇ ಪರೀಕ್ಷಿಸಿ. ಅಲ್ಯೂಮಿನಿಯಂ ಫ್ರೇಮಿನೊಳಗೆ ಉಕ್ಕಿನ ಪೈಪ್ ಇದ್ದು, ಮಳೆನೀರು ಇಳಿದರೆ ಎರಡೂ ಕಚ್ಚಿಕೊಂಡುಬಿಡುತ್ತವೆ. ಆಮೇಲೆ ದೇವರೇ ಬಂದರೂ ಬಿಡಿಸುವುದು ಕಷ್ಟ. ನಿಮ್ಮದಾದ ಮೇಲೆ ವರ್ಷಕ್ಕೊಮ್ಮೆ ತೆಗೆದು ಗ್ರೀಸ್ ಹಚ್ಚಿ ಹಾಕಿ. ಇನ್ನೊಂದು, ಎರಡು ಪೆಡಲ್ ತೋಳುಗಳ ನಡುವೆ ಫ್ರೇಮಿನೊಳಗೆ ಕೂರುವ ಆಕ್ಸಲ್ (ಬಾಟಮ್ ಬ್ರಾಕೆಟ್) ಬಿಚ್ಚುವಾಗ ಸಾಮಾನ್ಯವಾಗಿ ಚೈನ್ ಕಡೆಯ ಥ್ರೆಡ್ ಉಲ್ಟಾ. ಗೊತ್ತಿಲ್ಲದವರು ಪಾನಾ ಹಾಕಿ ಜೋರಾಗಿ ತಿರುಗಿಸಿದರೆ ಮೆತ್ತನೆ ಅಲ್ಯೂಮಿನಿಯಂನ ಥ್ರೆಡ್ ಹೋಯಿತು ಅಂತಲೇ.

ನಿಮ್ಮ ಸೊಂಟದ ಬಗ್ಗೆ ಒಂದು ಮಾತು. ನೆಟ್ಟಗೆ ಕೂತರೆ ಬಗ್ಗುವ ನೋವು ಹೋಗುತ್ತದೆ, ನಿಜ. ಆದರೆ ಮೈಭಾರವೆಲ್ಲ ಸೀಟಿನ ಮೇಲೆ ಬಿದ್ದು ಗುಂಡಿಯ ಹೊಡೆತ ನೇರ ಬೆನ್ನಿಗೆ ಹೋಗುತ್ತದೆ. ನನಗೆ ಇದಕ್ಕೆ ಸ್ಪ್ರಿಂಗ್ ಸೀಟಿಗಿಂತ ದಪ್ಪ ಟೈರೇ ಒಳ್ಳೆ ಮದ್ದು ಅನ್ನಿಸಿದೆ. ಪಂಕ್ಚರ್ ಅಂಗಡಿಯವರು ಕಲ್ಲಿನ ಹಾಗೆ ಗಾಳಿ ತುಂಬುತ್ತಾರೆ, ಬೇಡ ಅನ್ನಿ. ನನ್ನ ತೂಕ 72 ಕೆಜಿ, ನಾನು 35 ಪಿಎಸ್ಐ ಇಡುತ್ತೇನೆ. ಕೊಳ್ಳುವ ಮೊದಲು ನೆಟ್ಟಗೆ ಕೂರುವುದು ನಿಮ್ಮ ಬೆನ್ನಿಗೆ ಒಗ್ಗುತ್ತದಾ ನೋಡಬೇಕಾ? ಯಾರದ್ದಾದರೂ ಲೇಡೀಸ್ ಸೈಕಲ್ ಅರ್ಧ ಗಂಟೆ ಕೇಳಿ ತುಳಿಯಿರಿ, ನಾಚಿಕೆ ಏನಿಲ್ಲ.

ಓಡಿಸುವುದಕ್ಕೆ ಕುಕ್ಕರಹಳ್ಳಿ ಕೆರೆ ಸುತ್ತಲಿನ ರಸ್ತೆ, ಲಲಿತಮಹಲ್ ರಸ್ತೆ ಬೆಳಗಿನ ಹೊತ್ತು ಸ್ವರ್ಗ. ಆಷಾಢದಲ್ಲಿ ರಿಂಗ್ ರೋಡಿಗೆ ಹೋದರೆ ಎದುರು ಗಾಳಿ ಎದೆಗೇ ಹೊಡೆಯುತ್ತದೆ, ನೆಟ್ಟಗೆ ಕೂತವರು ಹಾಯಿ ಕಟ್ಟಿದ ದೋಣಿ ಇದ್ದ ಹಾಗೆ. ಚಾಮುಂಡಿ ಬೆಟ್ಟ? ನಾನು ಒಂದೇ ಸಲ ಹೋಗಿದ್ದು, ಅರ್ಧ ದಾರಿ ತಳ್ಳಿಕೊಂಡು.

ಇಷ್ಟೆಲ್ಲ ಹೇಳಿ ಮುಖ್ಯವಾದದ್ದು ಮರೆತೆ. ಕ್ರೂಸರ್ ಹ್ಯಾಂಡಲ್ 65ರಿಂದ 70 ಸೆಂಟಿಮೀಟರ್ ಅಗಲ ಇರುತ್ತದೆ. ನಮ್ಮ ಹಳೇ ಮನೆಗಳ ಮೆಟ್ಟಿಲು ಗೊತ್ತಲ್ವಾ, ತಿರುವಿನಲ್ಲಿ ಒಬ್ಬರು ಇಳಿದರೆ ಇನ್ನೊಬ್ಬರು ಗೋಡೆಗೆ ಅಂಟಬೇಕು. ನನ್ನ ಸೈಕಲ್ ಮೊದಲ ದಿನ ಆ ತಿರುವಿನಲ್ಲಿ ಸಿಕ್ಕಿಕೊಂಡು ಗೋಡೆಯ ಸುಣ್ಣ ಕಿತ್ತಿತ್ತು, ಕೆಳಗಿನ ಮನೆಯವರು ಇನ್ನೂ ಅದನ್ನು ನೆನಪಿಸುತ್ತಾರೆ. ಹ್ಯಾಂಡಲ್ ಕೊಳ್ಳುವ ಮೊದಲು ಟೇಪ್ ಹಿಡಿದು ನಿಮ್ಮ ಮೆಟ್ಟಿಲ ತಿರುವು ಅಳೆಯಿರಿ. ಸಾಲದಿದ್ದರೆ 60 ಸೆಂಟಿಮೀಟರಿನ ಹ್ಯಾಂಡಲ್ ತಗೊಳ್ಳಿ, ನೋಡಲು ಸ್ವಲ್ಪ ಕಡಿಮೆ ಠೀವಿ, ಅಷ್ಟೇ.