ಕೊಡಗಿಗೆ ಕಡಲ ಗೊಡವೆ ಏಕೆ?

ವಿರಾಜಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಕಡಲಿಗೆ ಆರು ಪುಟ ಕೊಟ್ಟಿದ್ದೀರಿ. ಕೊಡಗಿಗೆ ಗೇಣುದ್ದದ ಕರಾವಳಿಯೂ ಇಲ್ಲ. ಆ ಜಾಗವನ್ನು ಆನೆ ಹಾವಳಿಗೋ ಕರಿಮೆಣಸಿನ ರೋಗಕ್ಕೋ ಕೊಡಬಾರದಿತ್ತೇ?"

ಮಾನ್ಯರೇ,

ಆನೆ, ಮೆಣಸು ಎರಡನ್ನೂ ನಾವು ಕೈಬಿಡುವುದಿಲ್ಲ. ಆದರೆ ಕಡಲು ನಮಗೆ ಸಂಬಂಧಿಸಿದ್ದಲ್ಲ ಎಂಬ ಮಾತನ್ನು ಒಪ್ಪಲಾರೆ. ಜೂನ್‌ನಲ್ಲಿ ನಿಮ್ಮ ತೋಟಕ್ಕೆ ಇಳಿಯುವ ಮಳೆ ಅರಬ್ಬಿ ಸಮುದ್ರ ದಾಟಿ ಬಂದದ್ದು. ಭೂಮಿಯಲ್ಲಿ ಹೆಚ್ಚಾದ ಬಿಸಿಯ ಶೇ. 90ಕ್ಕೂ ಹೆಚ್ಚು ಪಾಲನ್ನು ಸಾಗರಗಳೇ ನುಂಗಿವೆ. ನೀರು ಕಾದಷ್ಟೂ ಗಾಳಿ ಹೊರುವ ತೇವ ಹೆಚ್ಚು. ಒಮ್ಮೆಲೇ ಸುರಿದು ಹೋಗುವ ಮಳೆಯೂ ಹೆಚ್ಚು. 2018ರ ಆಗಸ್ಟ್‌ನ ಭೂಕುಸಿತಗಳಲ್ಲಿ ಬೆಟ್ಟ ಕಡಿದವರ ಪಾಲೂ ಇದೆ, ಎಲ್ಲವನ್ನೂ ಕಡಲಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಮತ್ತಿ (ಬೂತಾಯಿ) ಮೀನಿನ ವಿಚಾರ. ಸಂಜೆ ತೋಟದ ಕಾರ್ಮಿಕರ ಲೈನ್‌ಮನೆಗಳ ಮುಂದೆ ಮೀನಿನ ಗಾಡಿ ಹಾರ್ನ್ ಹೊಡೆದರೆ ಮಕ್ಕಳು ಪಾತ್ರೆ ಹಿಡಿದು ಓಡುತ್ತಾರೆ. ಐಸ್ ಪುಡಿ ಸರಿಸಿ, ಕಿವಿರು ಎತ್ತಿ ಕೆಂಪು ನೋಡಿಯೇ ತಾಯಂದಿರು ಚೌಕಾಸಿಗೆ ಇಳಿಯುವುದು. ದಿನಗೂಲಿಯ ಮನೆಗೆ ಕೈಗೆಟಕುವ ಪ್ರೋಟೀನ್ ಅದು. ಅದರ ಎಣ್ಣೆಯಲ್ಲಿ ಹೃದಯಕ್ಕೂ ಮಕ್ಕಳ ಮಿದುಳಿಗೂ ಬೇಕಾದ ಒಮೆಗಾ-3 ಇದೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಮತ್ತಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಬರೀ 3,300 ಟನ್‌ನಷ್ಟು! ಸಮುದ್ರದ ಬಿಸಿ ಒಂದು ಕಾರಣ, ಮರಿಗಳನ್ನೂ ಬಿಡದೆ ಬಾಚಿದ ಬಲೆಗಳು ಇನ್ನೊಂದು. ಮುಂದೆ ಚೇತರಿಸಿಕೊಂಡಿತು, ನಿಜ. ಆದರೆ ಆ ವರ್ಷಗಳಲ್ಲಿ ದೋಣಿಯವರಿಗೆ ಡೀಸೆಲ್ ಖರ್ಚೇ ಹುಟ್ಟಲಿಲ್ಲ. ಮೀನು ಬರದಿದ್ದರೆ ಐಸ್ ಕಾರ್ಖಾನೆಯವರಿಂದ ಹಿಡಿದು ನಮ್ಮೂರ ಗಾಡಿಯವರ ತನಕ ಎಲ್ಲರ ಸಂಪಾದನೆಗೂ ಕತ್ತರಿ ಬೀಳುತ್ತದೆ. ದರ ಏರಿತೆಂದರೆ ಬಡವರ ತಟ್ಟೆಯಿಂದ ಮೊದಲು ಮಾಯವಾಗುವುದೂ ಮೀನೇ.

ಇನ್ನು ನಾವು ಕಡಲಿಗೆ ಕಳಿಸುತ್ತಿರುವುದೇನು? ನಿಮ್ಮ ಕಡೆಯ ಬರಪೊಳೆ ಕಣ್ಣೂರಿನಲ್ಲಿ ವಳಪಟ್ಟಣಂ ಹೊಳೆಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ಕಾವೇರಿಯ ಕವಲು ಕೊಳ್ಳಿಡಂ ತಮಿಳುನಾಡಿನ ಪಿಚಾವರಂ ಕಾಂಡ್ಲಾ (ಉಪ್ಪುನೀರಿನಲ್ಲಿ ಬೇರೂರುವ ಮರಗಳ) ಕಾಡಿನ ಬಳಿ ಬಂಗಾಳಕೊಲ್ಲಿಗೆ ಸೇರುತ್ತದೆ. ಆ ಬೇರುಗಳ ಸಂದಿಯಲ್ಲೇ ಮೀನು, ಸೀಗಡಿಯ ಮರಿಗಳು ಬೆಳೆಯುವುದು. 2004ರ ಸುನಾಮಿಯಲ್ಲಿ ತನ್ನ ಹಿಂದಿದ್ದ ಊರುಗಳಿಗೆ ಅಲೆಯ ಹೊಡೆತ ತಗ್ಗಿಸಿದ್ದೂ ಆ ಕಾಡೇ. ಹೋಂಸ್ಟೇ, ಜಲಪಾತಗಳ ಬಳಿ ಎಸೆದ ಬಾಟಲಿ, ಕವರ್‌ಗಳು ಹರಿದು ಹೋಗುವ ದಾರಿಯೂ ಇದೇ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ನ ಹುಳಿನೀರು ಅಷ್ಟು ದೂರ ಹೋಗುವ ಮೊದಲೇ ನೀರಿನ ಆಮ್ಲಜನಕ ಹೀರಿ ನಮ್ಮದೇ ತೋಡಿನ ಮೀನನ್ನು ಕೊಲ್ಲುತ್ತದೆ.

ಪಲ್ಪರ್ ನೀರನ್ನು ತೋಡಿಗೆ ಬಿಡದೆ ಹೊಂಡದಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಸಂಸ್ಕರಿಸುವ ಬೆಳೆಗಾರರು ನಮ್ಮಲ್ಲಿದ್ದಾರೆ. ನೀವೂ ಅವರಲ್ಲೊಬ್ಬರಾಗಿದ್ದರೆ ಹೊಂಡದ ಅಳತೆ, ತಗಲಿದ ಖರ್ಚು, ಎದುರಾದ ತೊಂದರೆ ಎಲ್ಲವನ್ನೂ ಬರೆದು ಕಳಿಸಿ. ಜನವರಿ ಕೊಯ್ಲಿಗೆ ಮುಂಚೆಯೇ ಪ್ರಕಟಿಸುತ್ತೇವೆ.

– ಸಂಪಾದಕ